ಅಳಿಸಿದ್ದೂ ನನ್ನೊಳಗಿತ್ತು

ನಾನು ಒಂದು ಹಾರ್ಡ್ ಡಿಸ್ಕ್. ಲೋಹದ ಡಬ್ಬಿಯೊಳಗೆ ತಿರುಗುವ ತಟ್ಟೆಗಳೇ ನನ್ನ ದೇಹ. ಕಡಲಾಚೆಯ ಕಾರ್ಖಾನೆಯಲ್ಲಿ ಹುಟ್ಟಿ ಧಾರವಾಡದ ಆಡುನುಡಿ ಅಧ್ಯಯನ ಕೇಂದ್ರಕ್ಕೆ ಬಂದೆ. ಅಂದಿನಿಂದ ತಿರುಗುವುದೇ ಬಾಳಾಯಿತು.

ಮಾಹಿತಿ ಜೋಡಿಸಿಡಲು ನನ್ನಲ್ಲಿ ಹಾಕಿದ ಡೇಟಾಬೇಸಿಗೆ ಒಂದು ಹಳೆಯ ನಿಯಮವಿತ್ತು. ಅದನ್ನು ಮೊದಲು ಕಟ್ಟಿದವರು ಹಳೆಯದರ ಮೇಲೆ ಹೊಸದನ್ನು ಬರೆಯಬಾರದು ಎಂದಿದ್ದರು. ತಿದ್ದಿದ ಪ್ರತಿ ಬೇರೆ ಜಾಗದಲ್ಲಿ ಕೂರಬೇಕು, ಹಳೆಯದಕ್ಕೆ ‘ಮುಗಿಯಿತು’ ಎಂಬ ಗುರುತು ಬೀಳಬೇಕು. ನಡುವೆ ಕರೆಂಟು ಹೋದರೂ ಹಳೆಯದು ಕೆಡದೆ ಉಳಿಯುತ್ತದಲ್ಲ! ಗುರುತು ಬಿದ್ದವನ್ನು ಬಿಡುವಿನಲ್ಲಿ ಬೇರೆ ಡಿಸ್ಕಿಗೆ ಸಾಗಿಸಿ ಕಾಪಾಡಬೇಕೆಂಬುದು ಅವರ ಆಸೆ. ಕಾಲ ಕಳೆದಂತೆ ಸಾಗಿಸುವುದು ನಿಂತಿತು. ಗುರುತು ಬಿದ್ದವನ್ನು ಅಳಿಸಿ, ಗುಡಿಸಿ ಜಾಗ ಮಾಡುವುದಷ್ಟೇ ಉಳಿಯಿತು. ಗುಡಿಸುವ ದಿನ ನನಗೆ ಮೈಯೆಲ್ಲ ನೋವು.

ಇಳಕಲ್ಲಿನ ನೇಕಾರ ಮುದುಕಿ ಗೌರವ್ವನ ಮಾತುಗಳನ್ನು ಕೇಂದ್ರದವರು ಕ್ಯಾಸೆಟ್ಟಿನಲ್ಲಿ ಹಿಡಿದು, ಬರೆದು ನನ್ನಲ್ಲಿ ಸೇರಿಸಿದರು. ನಿರ್ದೇಶಕ ಕಲ್ಮಠ ಸರ್ ಅವನ್ನೆಲ್ಲ ಅಚ್ಚಿಗೆ ಕೊಡಲೆಂದು ಗ್ರಂಥದ ಭಾಷೆಗೆ ತಿದ್ದಿದರು. ಕೆಲವು ತಿಂಗಳಿಗೆ ಗೌರವ್ವ ತೀರಿಕೊಂಡಳು. ಅವಳ ಮಗಳು ಸಿದ್ದವ್ವ ಕೇಂದ್ರಕ್ಕೆ ಬಂದಳು.

“ಅವ್ವನ ಮಾತು ಒಮ್ಮಿ ಓದಿ ಹೇಳ್ರಿ.”

ಕಂಪ್ಯೂಟರ್ ನೋಡಿಕೊಳ್ಳುವ ಮೆಹರುನ್ನಿಸಾ ಪರದೆ ನೋಡಿ ಓದಿದಳು: “ತುಂಡಾದ ನೂಲನ್ನು ಜೋಡಿಸುವ ಕ್ರಿಯೆ.”

ಸಿದ್ದವ್ವನ ಮುಖ ಬಾಡಿತು. “ಇದು ನಮ್ಮವ್ವ ಆಡಿದ ಮಾತಲ್ರಿ. ಆಕಿ ಹಿಂಗ ಎಂದೂ ಮಾತಾಡಾಕಿ ಅಲ್ಲ.”

ಗೌರವ್ವನ ದನಿ ಹಿಡಿದಿದ್ದ ಕ್ಯಾಸೆಟ್ಟಿನ ಮೇಲೆ ಅಷ್ಟರಲ್ಲಿ ಬೇರೆಯವರ ದನಿ ಹಿಡಿದಾಗಿತ್ತು. ಮೆಹರುನ್ನಿಸಾ ನಿರ್ದೇಶಕರ ಕೋಣೆಗೆ ಹೋದಳು.

“ಸರ್, ಡಿಸ್ಕ್ ತುಂಬೇತಿ, ಇವತ್ತ ಗುಡಸ್ರಿ ಅಂದಿದ್ರಿ. ಒಂದ್ ದಿನಾ ತಡೀರಿ. ಹಳೀ ಪ್ರತಿ ಇನ್ನೂ ಒಳಗ ಇರಬೇಕು.”

“ಅಚ್ಚಿನ ಕೆಲಸ ನಿಂತದಲ್ರಿ,” ಎಂದರು ಅವರು. ಬಾಗಿಲಲ್ಲಿ ನಿಂತ ಸಿದ್ದವ್ವ ಆಗ ಅವರ ಕಣ್ಣಿಗೆ ಬಿದ್ದಳು. “ಆತು, ಹುಡುಕ್ರಿ.”

ಮೆಹರುನ್ನಿಸಾ ನನ್ನ ಸೋತ ಮೈಯ ಮೂಲೆಮೂಲೆಯನ್ನೂ ತಡಕಿದಳು. ಹೆಚ್ಚಿನ ಮಾತುಗಳು ಹಿಂದಿನ ಗುಡಿಸುವಿಕೆಯಲ್ಲೇ ಹೋಗಿದ್ದವು. ಆ ಜಾಗದಲ್ಲಿ ಯಾರದೋ ಮಾತು ಕೂತಿತ್ತು. ಕೊನೆಗೆ ಬೆರಳೆಣಿಕೆಯಷ್ಟು ಸಿಕ್ಕವು. ಮೆಹರುನ್ನಿಸಾ ಮೆಲ್ಲಗೆ ಓದಿದಳು:

“ನೂಲು ಹರದ್ರ ಬೈಬಾರ್ದ ಯವ್ವಾ. ಉಗುಳು ಹಚ್ಚಿ ಸಮಾಧಾನ ಮಾಡಬೇಕು.”

ಸಿದ್ದವ್ವ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಲ್ಮಠ ಸರ್ ಪರದೆಯ ಹತ್ತಿರ ಬಂದು ಆ ಸಾಲನ್ನು ತಾವೇ ಓದಿದರು. ಆಮೇಲೆ, “ನಾ ಬರದದ್ದು ತಗೀರಿ. ಆಕಿ ಹೇಳಿದ್ದ ಅಚ್ಚಾಗ್ಲಿ,” ಎಂದರು. ಮರುದಿನ ಗುಡಿಸಿದಾಗ ಹೋದದ್ದು ಅವರ ವಾಕ್ಯ.

ಈಗ ನಾನು ಕೇಂದ್ರದ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಕೆಳಗಿದ್ದೇನೆ. ಹೊಸ ಡಿಸ್ಕಿಗೆ ಚಾಲ್ತಿಯಲ್ಲಿದ್ದವನ್ನಷ್ಟೇ ನಕಲು ಮಾಡಿಕೊಂಡರು. ಕೊನೆಯ ಸಲ ಗುಡಿಸಿದ ಮೇಲೆ ‘ಮುಗಿಯಿತು’ ಎಂಬ ಗುರುತು ಬಿದ್ದ ಎಷ್ಟೋ ಜನರ ಮಾತು ನನ್ನ ಜೊತೆಗೇ ಉಳಿದಿದೆ. ಬಾಳೆಲ್ಲ ಜಾಗ ಬಿಡು, ಜಾಗ ಬಿಡು ಎನ್ನುವುದನ್ನೇ ಕೇಳಿದೆ. ಈಗ ಯಾರೂ ಜಾಗ ಕೇಳುವುದಿಲ್ಲ. ತಿರುಗಿ ತಿರುಗಿ ದಣಿದಿದ್ದೇನೆ. ಆದರೂ ನನ್ನೊಳಗೆ ಕೂತ ಇವರನ್ನು ಎಬ್ಬಿಸಿ ಕಳಿಸುವ ಮನಸ್ಸು ನನಗಿಲ್ಲ.