ಬಾವಿಗೆ ಮಡಿಲು ತುಂಬುವುದು

"ಇನ್ನೂ ಎಷ್ಟು ದಿನ ಹೀಗೆ ಮುನಿಸ್ಕೊಂಡು ಕೂತಿರ್ತೀಯೆ?"

ಬಾವಿಕಟ್ಟೆಯಲ್ಲಿ ಯಾರೂ ಇರಲಿಲ್ಲ. ವೀರಬಸಮ್ಮ ಬಗ್ಗಿ ಕೇಳಿದ್ದು ಕೆಳಗಿನ ಕತ್ತಲೆಗೆ. ಅವರ ದನಿಯೇ ತಿರುಗಿ ಬಂತು. ನೀರು ಮೇಲಿದ್ದ ಕಾಲದಲ್ಲಿ ಬಾವಿ ಹೀಗೆ ಮಾತಿಗೆ ಮಾತು ಕೊಡುತ್ತಿರಲಿಲ್ಲ.

ಬಾಳೆಹೊನ್ನೂರಿನಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿನ ಆ ಕೇರಿಗೆ ಅದೊಂದೇ ಬಾವಿ. ಸೋಮವಾರ ಮೊದಲ ಕೊಡ ಸೇದುವ ಮುಂಚೆ ಭದ್ರೆಯ ನೀರು ತಂದು ಅದಕ್ಕೆ ಸುರಿಯುವುದು ಕೇರಿಯ ಹಳೆಯ ನಡೆ. ಬಾವಿಗೆ ಮಡಿಲು ತುಂಬುವುದು ಎನ್ನುತ್ತಾರೆ. ಬಾವಿ ಎಂದರೆ ಕೇರಿಗೆ ಮಗಳು; ತವರಿಗೆ ಬಂದ ಮಗಳನ್ನು ಬರಿಮಡಿಲಲ್ಲಿ ಕಳಿಸುವುದುಂಟೆ? ಒಳ್ಳೆಯ ಕಾಲದಲ್ಲಿ ಒಂದು ತಂಬಿಗೆ ಸಾಕಾಗುತ್ತಿತ್ತು. ಒರತೆ ಸೊರಗಿದ ಹಾಗೆಲ್ಲ ತಂಬಿಗೆ ಕೊಡವಾಯಿತು, ಕೊಡ ಡ್ರಮ್ಮಾಯಿತು. ಈ ಬೇಸಿಗೆಯಲ್ಲಂತೂ ಮಹಮ್ಮದ್ ಶಫಿಯ ಪಿಕಪ್ಪಿನ ಮೇಲೆ ಟ್ಯಾಂಕೇ ಬರುತ್ತಿತ್ತು.

ಅಂದೂ ಬಂತು. ಶಫಿ ಪೈಪನ್ನು ಬಾವಿಗೆ ಇಳಿಬಿಟ್ಟು ಪಂಪು ಹಾಕಿದ.

"ನಿಮ್ಮ ಮಗಳ ಹೊಟ್ಟೆ ಎಂಥದ್ದು ಮಾರಾಯ್ರೆ! ನನ್ನ ಗಾಡಿ ಟಯರು ಸವೀತು, ಅವಳಿಗೆ ಒಂದು ತೇಗೂ ಬರ್ಲಿಲ್ಲ."

"ಸುರಿಯೋ ಬಾಯಿಬಡುಕ. ಕಣ್ಣು ಹಾಕ್ಬೇಡ."

ನೀರು ಬೀಳುವ ಸದ್ದಿಗೆ ಕಣ್ಣು ಮುಚ್ಚಿ ವೀರಬಸಮ್ಮ ಚಿಕ್ಕಂದಿನಲ್ಲಿ ಕೇಳಿ ಕಲಿತ ವಚನವೊಂದನ್ನು ಮೆಲ್ಲಗೆ ಎತ್ತಿಕೊಂಡರು. ಅದು ಮುಗಿಯುವ ಮೊದಲೇ ಯಾರೋ ಓಡಿಬಂದು ಪೈಪಿಗೆ ಕೈ ಹಾಕಿದರು.

"ನಿಲ್ಸಿ! ಶಫಿ ಅಣ್ಣ, ನಿಲ್ಸಿ!"

ಮೇಘನ. ಯೂನಿವರ್ಸಿಟಿಯಲ್ಲಿ ಮಲೆನಾಡಿನ ಬಾವಿಗಳ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ನೀರಿನ ಮಟ್ಟ ಅಳೆಯುವ ಯಂತ್ರವನ್ನು ಈ ಬಾವಿಗೆ ಇಳಿಬಿಟ್ಟವಳು ಅವಳೇ. ಎಷ್ಟು ಸೇದುತ್ತೀರಿ ಎಂದು ಮನೆಮನೆಯಲ್ಲೂ ಕೇಳಿದ್ದಳು. ಎಷ್ಟು ಸುರಿಯುತ್ತೀರಿ ಎಂದು ಕೇಳಿರಲಿಲ್ಲ. ಹಾಗೆ ಕೇಳಬೇಕೆಂದು ಯಾರಿಗೆ ಹೊಳೆದೀತು?

ಶಫಿ ಪಂಪು ನಿಲ್ಲಿಸಿದ. ಮೇಘನ ಪೈಪನ್ನು ಮೇಲಕ್ಕೆಳೆದು ಕಟ್ಟೆಯ ಮೇಲೆ ಹಾಕಿದಳು.

"ಪ್ರತಿ ಸೋಮವಾರ ಮಟ್ಟ ಏರ್ತಿತ್ತು, ನೀವು ಸುರಿಯೋದಕ್ಕೆ ಅಂತ ನನಗೆ ಗೊತ್ತಾಗ್ಲಿಲ್ಲ. ಒಳಗೆ ಒರತೆ ಗಟ್ಟಿಯಾಗಿದೆ, ಈ ಬಾವಿ ಬತ್ತಲ್ಲ ಅಂತ ನಾನೇ ವರದಿ ಕೊಟ್ಟೆ. ಅದನ್ನೇ ಹಿಡ್ಕೊಂಡು ಮೇಲಿನ ಎಸ್ಟೇಟಿನೋರು ಬೋರ್ ಕೊರೆಯೋಕೆ ಒಪ್ಪಿಗೆ ಕೇಳಿದಾರೆ. ಕೊರೆದ್ರೆ ಉಳಿದಿರೋ ಒರತೇನೂ ಹೋಗತ್ತೆ ಅಮ್ಮ."

"ಹಾಗಾದ್ರೆ ಹೋಗಿ ಹೇಳು, ತಪ್ಪಾಯ್ತು ಅಂತ."

"ಬಾಯಲ್ಲಿ ಹೇಳಿದ್ರೆ ಅವರ ವಕೀಲ ನಗ್ತಾನೆ. ಯಂತ್ರವೇ ಹೇಳ್ಬೇಕು. ಮುಂದಿನ ವಾರ ವಿಚಾರಣೆ. ಅಲ್ಲೀವರೆಗೆ ಒಂದು ಹನಿ ಹಾಕ್ಬೇಡಿ. ಬತ್ತಲಿ. ಬತ್ತಿದ್ದು ಯಂತ್ರಕ್ಕೆ ಕಾಣಲಿ."

ವೀರಬಸಮ್ಮನವರಿಗೆ ಆಚೆ ಕೇರಿಯ ಬಾವಿ ನೆನಪಾಯಿತು. ಅಲ್ಲಿನವರು ಮಡಿಲು ತುಂಬುವುದನ್ನು ಬಿಟ್ಟ ವರ್ಷವೇ ಅದು ಬತ್ತಿತ್ತು. ಈಗ ಅದರೊಳಗೆ ಒಡೆದ ಬಕೆಟ್ಟು, ಬಾಟಲಿ, ಸತ್ತ ನಾಯಿ. ಅದನ್ನು ನೋಡಿ ಬಂದ ದಿನ ಅವರಿಗೆ ಊಟ ಸೇರಿರಲಿಲ್ಲ.

"ಹುಡುಗಿ ಹೇಳೋದ್ರಲ್ಲಿ ನ್ಯಾಯ ಇದೆ ಅಮ್ಮ," ಶಫಿಯ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಒಂದೇ ಒಂದು ವಾರ. ಮನೆಗೆ ಬೇಕಾದ ನೀರು ನಾನು ಬಾಗಿಲಿಗೇ ತಂದು ಕೊಡ್ತೀನಿ."

ಮೇಘನ ಅವರ ಕಾಲು ಮುಟ್ಟಿದಳು. "ದಮ್ಮಯ್ಯ ಅಮ್ಮ. ಇದನ್ನ ಉಳಿಸೋಕೆ ನನಗೆ ಬೇರೆ ದಾರಿ ಇಲ್ಲ."

ವೀರಬಸಮ್ಮ ಅವಳ ಕೈಯನ್ನು ಕಾಲಿನಿಂದ ಬಿಡಿಸಿದರು, ಮೆತ್ತಗೆ. ಪೈಪಿನ ತುದಿಯನ್ನು ತಾವೇ ಹಿಡಿದು ಮತ್ತೆ ಬಾವಿಯೊಳಕ್ಕೆ ಇಳಿಸಿದರು.

"ನನ್ನ ಮಕ್ಕಳ ಬಾಣಂತನಕ್ಕೆಲ್ಲ ನೀರು ಕೊಟ್ಟೋಳು ಇವಳು. ಗಂಟಲು ಒಣಗಿ ಮಲಗಿದಾಳೆ ಈಗ. ಬಾಯಿಗೆ ನೀರು ಬಿಡ್ಬೇಡ, ಜನ ನೋಡ್ಲಿ ಅಂತೀಯಲ್ಲ ತಂಗಿ."

"ಅವಳು ಬದುಕಲಿ ಅಂತಲೇ ಅಮ್ಮ ಕೇಳ್ತಿರೋದು!"

"ಆಗಲ್ಲ," ಎಂದರು ವೀರಬಸಮ್ಮ. "ಶಫಿ, ಪಂಪು ಹಾಕು."