ಕರಡಿಗೆಯ ಕೀಲು

ಆ ದಿನ ಮುಂಜಾನೆ ಬೀದರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಚೌಬಾರಾದ ಗೋಪುರ ಸೊಂಟದಿಂದ ಮೇಲೆ ಇರಲೇ ಇಲ್ಲ. ಫಜರ್ ನಮಾಜು ಮುಗಿಸಿ ಅಂಗಳಕ್ಕೆ ಬಂದ ಆಬೇದಾಬೀಗೆ ಎದುರುಮನೆಯ ಕಟ್ಟೆಯೂ ಕಾಣಲಿಲ್ಲ. ಸಮುದ್ರದ ಮೇಲೂ ಒಮ್ಮೊಮ್ಮೆ ಹೀಗೇ ಇರುತ್ತದೆ ಎಂದು ಅವಳ ಗಂಡ ಮಕ್ಬೂಲ ಹೇಳುತ್ತಿದ್ದ. ಮುಂದೆ ಏನಿದೆ ಗೊತ್ತಿಲ್ಲ, ಹಿಂದೆ ಏನು ಉಳಿಯಿತು ಗೊತ್ತಿಲ್ಲ, ಇಂಜಿನ್ನಿನ ಸದ್ದೊಂದೇ ಆಸರೆ. ಆಬೇದಾಬೀ ಸಮುದ್ರ ಕಂಡವಳಲ್ಲ. ಆದರೂ ಈವತ್ತು ತನ್ನನ್ನು ಯಾರೋ ಅದರೊಳಗೆ ಇಳಿಸುತ್ತಿದ್ದಾರೆ ಅನಿಸಿತು.

ಒಳಗೆ ಬಂದು ಕಪಾಟಿನ ಎಲ್ಲಕ್ಕಿಂತ ಮೇಲಿನ ಗೂಡಿನಿಂದ ಹಸಿರು ಬಟ್ಟೆಯ ಗಂಟೊಂದನ್ನು ಎರಡೂ ಕೈಯಿಂದ ಇಳಿಸಿದಳು. ಅದರೊಳಗಿದ್ದದ್ದು ಲಿಂಗವಂತರು ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ. ಈ ಕಡೆಯ ಮಾತಿನಲ್ಲಿ ಗುಂಡಗಡಗಿ.

"ಅಮ್ಮೀ, ಇನ್ನೊಮ್ಮೆ ವಿಚಾರ ಮಾಡು," ಎಂದಳು ಮಗಳು ನಾಹೀದ. "ಕಾಲ ಚಲೋ ಇಲ್ಲ. ಅವರ ದೇವರು ನಿಮ್ಮ ಮನ್ಯಾಗ ಇಷ್ಟು ವರ್ಷ ಯಾಕಿತ್ತು ಅಂತ ಯಾರರೆ ಕೇಳಿದ್ರ ಏನ್ ಹೇಳ್ತೀ?"

"ಇದ್ದದ್ದು ಹೇಳ್ತೇನಿ."

"ಇದ್ದದ್ದು ಕೇಳೋ ವ್ಯಾಳ್ಯಾ ಯಾರಿಗದ?"

ಆಬೇದಾಬೀ ಗಂಟನ್ನು ಚೀಲದಲ್ಲಿಟ್ಟು ಬುರ್ಖಾ ಹಾಕಿಕೊಂಡಳು.

ಎಪ್ಪತ್ತೊಂದರ ಲಡಾಯಿಯಲ್ಲಿ ಮಕ್ಬೂಲ ಒಂದು ಸಣ್ಣ ಗಸ್ತು ಹಡಗಿನಲ್ಲಿ ಇಂಜಿನ್ ಕೆಲಸಕ್ಕಿದ್ದ. ಅದೇ ಹಡಗಿನಲ್ಲಿ ಔರಾದ ತಾಲೂಕಿನ ಎಕಂಬೆಯ ಶಿವರಾಜಪ್ಪನಿದ್ದ. ಹಡಗಿನ ತುಂಬ ದೇಶದ ಮೂಲೆಮೂಲೆಯ ಮಂದಿ. ಬೀದರ ಜಿಲ್ಲೆಯವರೆಂದರೆ ಇವರಿಬ್ಬರೇ. ಹೀಗಾಗಿ ಒಂದೇ ತಟ್ಟೆಯ ರೊಟ್ಟಿ, ಒಂದೇ ಊರಿನ ಹರಟೆ. ಒಂದು ದಿನ ಮಕ್ಬೂಲನಿಗೆ ಮೈ ಸುಡುವ ಜ್ವರ ಬಂದು ಅವನನ್ನು ದಂಡೆಯ ಆಸ್ಪತ್ರೆಗೆ ಇಳಿಸಿದರು. ಸಂಜೆಗೆ ಶಿವರಾಜಪ್ಪ ನೋಡಲು ಬಂದ. ಕರಡಿಗೆಯನ್ನು ಅವನ ಅಂಗೈಯಲ್ಲಿಟ್ಟು, "ಇದರ ಕೀಲು ಸಡಲಾಗ್ಯಾದ. ನೀ ಬಿದರಿ ಕೆಲಸದವರ ಮನಿ ಮಗ. ಆರಾಮಾದ ಮ್ಯಾಲ ಬಿಗಿ ಮಾಡಿ ಇಡು, ಬಂದು ಒಯ್ತೇನಿ," ಎಂದ. ಆಮೇಲೂ ಏನೋ ಅಂದನಂತೆ. ಜ್ವರದಲ್ಲಿ ಮಕ್ಬೂಲನ ಕಿವಿಗೆ ಅಷ್ಟೇ ಬಿದ್ದದ್ದು.

ಆ ರಾತ್ರಿ ಹೊರಟ ಹಡಗು ತಿರುಗಿ ಬರಲಿಲ್ಲ. ಹಲಗೆಯ ಒಂದು ಚೂರೂ ಸಿಗಲಿಲ್ಲ.

ಮಕ್ಬೂಲ ಆ ಕರಡಿಗೆಯನ್ನು ಎಂದೂ ತೆರೆಯಲಿಲ್ಲ. ಅದರ ಮೈಗೆ ಶಿವದಾರ ಸುತ್ತಿತ್ತು. ಅಲುಗಿಸಿದರೆ ಒಳಗೆ ಏನೋ ಮೆತ್ತಗೆ ಉರುಳುತ್ತಿತ್ತು. ಲಿಂಗವೇ ಎಂದುಕೊಂಡ. ದೀಕ್ಷೆ ಇಲ್ಲದ ಕೈ ಅದನ್ನು ಮುಟ್ಟಬಾರದೆಂದು ವಜೂ ಮಾಡಿ, ಕೈಕಾಲು ಮುಖ ತೊಳೆದೇ ಗಂಟನ್ನು ಹಿಡಿಯುತ್ತಿದ್ದ. ಲಿಂಗ ಮೈಬಿಟ್ಟರೆ ಅವರು ನೀರೂ ಕುಡಿಯರೆಂಬುದು ಗೊತ್ತಿತ್ತು. ಹಾಗಾದರೆ ಗೆಳೆಯ ಲಿಂಗವಿಲ್ಲದ ಮೈಯಲ್ಲಿ ಸತ್ತ, ಅದು ತನ್ನ ತಲೆದಿಂಬಿನ ಕೆಳಗೆ ಉಳಿಯಿತು. ಇದನ್ನು ಹೋಗಿ ಅವನ ಹೆಂಡತಿಗೆ ಹೇಗೆ ಹೇಳುವುದು? ಒಮ್ಮೆ ಔರಾದ ಬಸ್‌ ಸ್ಟ್ಯಾಂಡಿನ ತನಕ ಹೋಗಿ ಮರಳಿ ಬಂದಿದ್ದ. ಪ್ರತಿವರ್ಷ ಹಡಗು ಹೋದ ದಿನ ರೋಜಾ ಉಪವಾಸ ಹಿಡಿಯುತ್ತಿದ್ದ, ಅಷ್ಟೇ. ಈ ಸಲ ಮಳೆಗಾಲದಲ್ಲಿ ಕಣ್ಣು ಮುಚ್ಚುವ ಮುಂಚೆ, "ಆಬೇದಾ, ಅದು ಅಮಾನತು, ನಂಬಿ ಇಟ್ಟ ವಸ್ತು. ನಾ ಮುಟ್ಟಿಸಲಿಲ್ಲ. ಅಲ್ಲಿ ಅದರ ಹಿಸಾಬು ಕೇಳ್ತಾರ," ಎಂದಿದ್ದ. ಹಡಗು ಹೋದ ಆ ದಿನ ಈವತ್ತೇ.

ಶಿವರಾಜಪ್ಪನ ಹೆಂಡತಿ ಶಿವಕಾಂತಾ ಭಾಲ್ಕಿ ಕಡೆಯ ಮೆಹಕರದ ಮಗಳು, ತವರಿನವರದು ಭಾಲ್ಕಿಯಲ್ಲಿ ಪಾತ್ರೆ-ಭಾಂಡೆ ಅಂಗಡಿ. ಮಕ್ಬೂಲ ಬಿಟ್ಟುಹೋದ ಗುರುತು ಇಷ್ಟೇ. ಶಿವಕಾಂತಾ ಈಗ ಎಕಂಬೆಯಲ್ಲಿದ್ದಾಳೋ ತವರಿನಲ್ಲೋ ತಿಳಿಯದ್ದರಿಂದ ಆಬೇದಾಬೀ ಮೊದಲು ಭಾಲ್ಕಿಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕಂಡಕ್ಟರ್, "ಚೀಲ ಕೆಳಗ ಇಡ್ರಿ ಅಮ್ಮಾ, ಮಂದಿ ಕೂಡಬೇಕು," ಎಂದಾಗ ಆಬೇದಾಬೀ ಅದನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತುಬಿಟ್ಟಳು. ಕಾಲ ಬಳಿ ಇಡುವ ವಸ್ತುವಲ್ಲ ಅದು. ಭಾಲ್ಕಿಯ ತನಕ ನಿಂತೇ ಹೋದಳು.

ಭಾಂಡೆ ಅಂಗಡಿ ಸಿಕ್ಕಿತು. ಗಲ್ಲೆಯ ಮೇಲಿದ್ದವನು ಶಿವಕಾಂತಾಳ ಅಣ್ಣನ ಮಗ ಸತೀಶಕುಮಾರ. ಹಣೆಗೆ ಮೂರು ಬೆರಳ ವಿಭೂತಿ, ಅಂಗಿಯ ಗುಂಡಿಯ ಸಂದಿಯಲ್ಲಿ ಬೆಳ್ಳಿಯ ಹೊಳಪು. ಆಬೇದಾಬೀ ಆ ಹೊಳಪಿನಿಂದ ಕಣ್ಣು ಕಿತ್ತುಕೊಂಡಳು.

"ನಮ್ಮತ್ತಿ ಹತ್ರ ನಿಮದೇನು ಕೆಲಸರಿ?"

"ನಮ್ಮ ಮನೆಯವರು ಆಕಿ ಯಜಮಾನರ ಜೋಡಿ ಹಡಗಿನಾಗ ಇದ್ರು."

ಅವನು ತಕ್ಕಡಿ ಕೆಳಗಿಟ್ಟ. ಅವಳನ್ನೂ ಚೀಲವನ್ನೂ ನೋಡಿದ. ನಂತರ, "ಅತ್ತಿ ಎಕಂಬ್ಯಾಗಽ ಇದ್ದಾಳ. ಈವತ್ತು ನಾನೂ ಅಲ್ಲಿಗೇ ಹೋಗವ. ಔರಾದಕ್ಕ ಮಾಲು ಹಾಕೂದದ. ಗಾಡಿ ಹತ್ರಿ," ಎಂದ.

ಹಿಂದೆ ಕೊಡ, ತಪೇಲಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ರಸ್ತೆಯ ಎರಡೂ ಬದಿ ತೊಗರಿ ಕಾಯಿ ಕಟ್ಟಿ ನಿಂತಿತ್ತು. ಮಂಜು ಹರಿದು ಬಿಸಿಲು ಬಿದ್ದರೂ ಆಬೇದಾಬೀಯ ಚಳಿ ಬಿಡಲಿಲ್ಲ.

"ಚೀಲದಾಗ ಏನದರಿ, ಕೂಸಿನಂಗ ಹಿಡಕೊಂಡೀರಿ?"

"ಒಬ್ಬರ ಅಮಾನತು."

"ಬಂಗಾರ ಇದ್ರ ಮೊದಲಽ ಹೇಳ್ರಿ, ಗಾಡಿ ಸಾವಕಾಶ ಹೊಡಿತೇನಿ," ಎಂದು ನಕ್ಕ. ಅವಳು ನಗದಿದ್ದಾಗ ಅವನ ನಗೆಯೂ ನಿಂತಿತು. ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಮೇಲೇ ಕಣ್ಣಿಟ್ಟು ಮಾತಾಡಿದ.

"ನೋಡ್ರಿ ಅಮ್ಮಾ, ಒಂದು ಮಾತು ಮೊದಲಽ ಹೇಳಿಬಿಡ್ತೇನಿ. ಮಾವನ ಪೆಟಗಿ ಸರ್ಕಾರದವ್ರು ಮನಿಗಿ ಕಳಿಸಿದ್ರು. ಅಂಗಿ, ಬೂಟು, ಕನ್ನಡಿ ಎಲ್ಲಾ ಬಂತು. ಲಿಂಗ ಬರಲಿಲ್ಲ. ಹಂಗಾದ್ರ ಮೈಮ್ಯಾಲ ಇತ್ತು, ಲಿಂಗ ಕಟಗೊಂಡಽ ಹೋಗ್ಯಾನ ಅಂತ ನಮ್ಮತ್ತಿ ನಂಬ್ಯಾಳ. ಆ ಒಂದು ನಂಬಿಗಿ ಮ್ಯಾಲ ಬದುಕ್ಯಾಳ. ಬ್ಯಾರೆ ಏನರೆ ಹೇಳಾಕ ಬಂದಿದ್ರ, ಆ ಹೊಸ್ತಲ ನಾ ದಾಟಗೊಡೂದಿಲ್ಲ. ಸಿಟ್ಟಾಗಬ್ಯಾಡ್ರಿ."

 ಆಬೇದಾಬೀಯ ಮಡಿಲಲ್ಲಿದ್ದ ಚೀಲ ಕಲ್ಲಿನಂತೆ ಭಾರವಾಯಿತು. ತಲೆಯಾಡಿಸಿದಳು. ಆಡಿಸಿದ್ದು ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಔರಾದದಲ್ಲಿ ಅವನು ಮಾಲು ಇಳಿಸಲು ಹೋದಾಗ ಅವಳು ಗಾಡಿಯಿಂದ ಇಳಿದು ಸ್ಟ್ಯಾಂಡಿನ ಕಡೆ ನಡೆದಳು. ಬೀದರಿನ ಬಸ್ಸು ಹೊರಡಲು ನಿಂತಿತ್ತು. ಮಕ್ಬೂಲ ಹಿಂತಿರುಗಿದ್ದೂ ಇಲ್ಲಿಂದಲೇ. ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಳು. ಈಗ ಹತ್ತಿದರೆ ಮುದುಕಿಯ ನಂಬಿಗೆ ಉಳಿಯುತ್ತದೆ, ಈ ಹುಡುಗನ ಸಿಟ್ಟಿನಿಂದ ತಾನೂ ಉಳಿಯುತ್ತಾಳೆ. ಆದರೆ ಚೀಲ? ಅದು ಮತ್ತೆ ಅದೇ ಗೂಡಿಗೆ ಹೋಗುತ್ತದೆ. ತಾನು ಸತ್ತ ಮೇಲೆ ನಾಹೀದಳ ಕೈಗೆ ಬರುತ್ತದೆ, ಅವಳ ನಂತರ ಅದು ಯಾರದೆಂದು ಹೇಳುವವರೂ ಇರುವುದಿಲ್ಲ. ಮಂದಿಯ ಹೆದರಿಕೆಗೆ ಅಲ್ಲಾಹನ ಅಮಾನತನ್ನು ನುಂಗಿದ ಮನೆ ಎಂದು ಮಕ್ಬೂಲನನ್ನು ಅಲ್ಲಿ ನಿಲ್ಲಿಸಿ ಕೇಳಿದರೆ? ಅವಳಿಗೆ ಎರಡು ಭಯಗಳು ಎದುರುಬದುರು ನಿಂತವು. ಅಲ್ಲಾಹನ ಭಯವೇ ದೊಡ್ಡದೆಂದು ಕಂಡು, ಮೆಟ್ಟಿಲಿಂದ ಕಾಲು ಹಿಂತೆಗೆದು ಗಾಡಿಗೆ ಬಂದು ಕುಳಿತಳು.

ಎಕಂಬೆಯ ಮನೆಯ ಪಡಸಾಲೆಯಲ್ಲಿ ಶಿವಕಾಂತಾ ದೊಡ್ಡದೊಂದು ಹಿತ್ತಾಳೆಯ ಪರಾತದ ಮುಂದೆ ಕುಳಿತಿದ್ದಳು. ಪರಾತದ ತುಂಬ ನೀರು. ಅದಕ್ಕೆ ಹಿಡಿಹಿಡಿ ಉಪ್ಪು ಹಾಕಿ ಕೈಯಿಂದ ಕದಡುತ್ತಿದ್ದಳು. ಪಕ್ಕದಲ್ಲಿ ಎಲೆಯ ದೊನ್ನೆಗಳು, ಎಣ್ಣೆ, ಹೊಸೆದ ಬತ್ತಿ.

"ಯಾರಪಾ ಸತೀಶ, ಯಾರನ್ನ ಕರಕೊಂಡು ಬಂದೀ?"

"ಮಾವನ ಹಡಗಿನವರ ಕಡೆಯವರಂತ ಅತ್ತಿ."

ಮುದುಕಿಯ ಕೈ ನೀರಿನಲ್ಲೇ ನಿಂತಿತು. ಆಮೇಲೆ, "ಬಾ ತಂಗಿ, ಕೂಡು," ಎಂದು ಚಾಪೆ ಸರಿಸಿದಳು. "ಈವತ್ತು ಬಂದೀ ಅಂದ್ರ ದಿನಾ ಗೊತ್ತಿದ್ದಽ ಬಂದೀ. ನಾ ಸಮುದ್ರ ನೋಡಿಲ್ಲವ್ವ. ಉಪ್ಪಿರತದ ಅಂತಾರ, ಅದಕ್ಕ ಇಷ್ಟು ಮಾಡ್ತೇನಿ. ಹಡಗಿನಾಗ ಹೋದ ಎಲ್ಲಾರ ಹೆಸರು ನನಗೇನು ಗೊತ್ತು? ನಮ್ಮವ್ರು ಸೂಟಿಗಿ ಬಂದಾಗ ಹೇಳಿದ್ದು ಅಷ್ಟಽ." ಒಂದೊಂದೇ ದೊನ್ನೆಗೆ ಬತ್ತಿ ಇಟ್ಟು ಹೊತ್ತಿಸಿ ನೀರಿಗೆ ಬಿಡತೊಡಗಿದಳು. "ಇವ ಚಾಕ್ಕ ಉಪ್ಪು ಹಾಕಿ ಎಲ್ಲಾರ ಕಡೆ ಬೈಸಿಕೊಂಡ ಅಡಗಿಯವ. ಇವ ನಿದ್ಯಾಗ ಸೀಟಿ ಹಾಕವ. ಇವ ಪಗಡಿ ಸರದಾರ, ಮಗಳಿಗಿ ಸ್ವೆಟರ್ ಹೆಣೀತಿದ್ನಂತ. ಇದು ನಮ್ಮವ್ರದು. ಇದು ಅವರ ಜೀವದ ಗೆಳ್ಯಾ, ಬೀದರಿನ ಮಕ್ಬೂಲಂದು."

 ಸಣ್ಣ ದೀಪ ಆಬೇದಾಬೀಯ ಗಂಡನ ಹೆಸರಿನಲ್ಲಿ ಉಪ್ಪುನೀರಿನ ಮೇಲೆ ಓಲಾಡುತ್ತ ಶಿವರಾಜಪ್ಪನ ದೀಪದ ಪಕ್ಕಕ್ಕೆ ಹೋಯಿತು.

"ಅಕ್ಕಾ," ಎಂದಳು ಮೆಲ್ಲಗೆ. "ಮಕ್ಬೂಲ ನಮ್ಮ ಮನೆಯವರು. ಅವರು ಆ ದಿನ ಹಡಗಿನಾಗ ಇರಲಿಲ್ಲರಿ. ಜ್ವರ ಬಂದು ಉಳಕೊಂಡ್ರು. ಈ ವರ್ಷ ಮಳಿಗಾಲದಾಗ ತೀರಿಕೊಂಡ್ರು."

 ಶಿವಕಾಂತಾ ದೀಪವನ್ನು ನೋಡಿದಳು, ಇವಳನ್ನು ನೋಡಿದಳು. ಸುಕ್ಕುಗಳ ನಡುವೆ ಏನೋ ಅಲುಗಿತು.

"ಅದಕ್ಕಽ," ಎಂದಳು. "ಪ್ರತಿ ವರ್ಷ ಅವನ ದೀಪ ಎಲ್ಲಾರಕ್ಕಿಂತ ತಡಾ ಮಾಡಿ ಆರ್ತಿತ್ತು. ನಾನಽ ಎಣ್ಣಿ ಜಾಸ್ತಿ ಹಾಕಿದೆನೇನೋ ಅಂತಿದ್ದೆ." ಕೈಯ ಉಪ್ಪುನೀರು ಒರೆಸಿಕೊಂಡು, "ಬದುಕಿದ್ದ ಮನಶಾ, ಒಮ್ಮೆರೆ ಯಾಕ ಬರಲಿಲ್ಲವ್ವ?"

"ನಿಮಗ ಹೆದರಿದ್ರು."

"ಲಡಾಯಿಗಿ ಹೋದವ ನನಗ ಹೆದರಿದ್ನಾ?"

ಇನ್ನು ತಡೆಯಲಾಗಲಿಲ್ಲ. ಆಬೇದಾಬೀ ಚೀಲದಿಂದ ಹಸಿರು ಗಂಟು ತೆಗೆದು ಚಾಪೆಯ ಮೇಲೆ ಬಿಚ್ಚಿದಳು. ಆಸ್ಪತ್ರೆಯ ಸಂಜೆ, ಸಡಿಲಾದ ಕೀಲು, ಜ್ವರ, ತೆರೆಯದೆ ಇಟ್ಟ ವರ್ಷಗಳು, ಎಲ್ಲವನ್ನೂ ತಡವರಿಸುತ್ತ ಹೇಳಿದಳು. ಹೊಸ್ತಿಲಲ್ಲಿ ನಿಂತಿದ್ದ ಸತೀಶಕುಮಾರ ಎರಡು ಹೆಜ್ಜೆ ಒಳಗೆ ಬಂದ. ಅವನ ನೆರಳು ಪರಾತದ ಮೇಲೆ ಬಿತ್ತು.

"ನಾ ನಿಮಗ ದಾರ್ಯಾಗ ಏನ್ ಹೇಳಿದ್ದೆರಿ?" ಅವನ ದನಿ ತಗ್ಗಿತ್ತು. ಅದಕ್ಕೇ ಹೆಚ್ಚು ಭಯವಾಯಿತು.

"ಸುಮ್ಕ ಇರು," ಎಂದಳು ಶಿವಕಾಂತಾ. ಆದರೆ ಅವಳ ಮುಖವೂ ಬೂದಿಯಾಗಿತ್ತು. ಕೈ ಚಾಚಿದಳು, ಹಿಂದಕ್ಕೆ ತೆಗೆದಳು. "ಗುಂಡಗಡಗಿ ಕೆಲಸಕ್ಕ ಕೊಡೋ ಮುಂದ ಲಿಂಗ ಯಾರೂ ಕೊಡೂದಿಲ್ಲ ತಂಗಿ. ಪಾವಡದ ಬಟ್ಯಾಗ ಕಟ್ಟಿ ಕೊರಳಿಗಿ ಹಾಕ್ಕೋತಾರ. ನಮ್ಮ ಮನ್ಯಾಗ ಕೂಸಿಗೂ ಗೊತ್ತಿರೋ ಮಾತು. ಆದ್ರ ಅವಸರದಾಗ... ಲಡಾಯಿ ಗಡಿಬಿಡ್ಯಾಗ..." ಮಾತು ಅಲ್ಲೇ ನಿಂತಿತು. ಇಷ್ಟು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದ ಭಯ ಈಗ ಚಾಪೆಯ ಮೇಲೆ ಬಂದು ಕುಳಿತಿತ್ತು. "ಸತೀಶ, ನೀ ಬಿಚ್ಚು."

"ನಾ ಒಲ್ಲೆ ಅತ್ತಿ."

ಆಬೇದಾಬೀ ಕಣ್ಣು ಮುಚ್ಚಿದಳು. ತುಟಿಯೊಳಗೇ ದುವಾ ಓದಿದಳು. ಕೇಳಿದ್ದು ಒಂದೇ: ಒಳಗೆ ಅದು ಇರದಿರಲಿ.

ಶಿವಕಾಂತಾ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ದಾರವನ್ನು ಎಳೆದಳು. ಹಳೆಯ ದಾರ ಪುಡಿಯಾಗಿ ಉದುರಿತು. ಮೇಲಿನ ಅರ್ಧ ಕೀಲಿನಿಂದ ಜಾರಿ ಅವಳ ಮಡಿಲಿಗೆ ಬಿತ್ತು.

ಒಳಗೆ ಬೆಳ್ಳಗಿನ, ಸವೆದು ದುಂಡಗಾದ ವಿಭೂತಿಯ ಗಟ್ಟಿ. ಬೇರೇನೂ ಇರಲಿಲ್ಲ.

ಮುದುಕಿ ಕರಡಿಗೆಯ ಒಳಗೆ ಬೆರಳಾಡಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವಳ ಹೆಗಲು ಇಳಿಯಿತು.

"ಬರಿದು ಕೊಡಬಾರದು ಅಂತ ವಿಭೂತಿ ಇಟ್ಟು ಕೊಟ್ಟಾನ," ಎಂದಳು. "ಲಿಂಗ ಕೊರಳಾಗಽ ಇತ್ತು. ಕೊರಳಾಗ ಕಟಗೊಂಡಽ ಹೋಗ್ಯಾನ." ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲಾ ಮಕ್ಬೂಲ, ಒಮ್ಮೆ ತೆಗೆದು ನೋಡಿದ್ದಿದ್ರ ನಿನ್ನ ಅಷ್ಟು ವರ್ಷದ ನಿದ್ದಿ ನಿನಗಽ ಉಳೀತಿತ್ತಲ್ಲೋ."

ಸತೀಶಕುಮಾರ ಗೋಡೆಗೆ ಆನಿಕೊಂಡು ಕುಕ್ಕರಗಾಲಲ್ಲಿ ಕುಳಿತುಬಿಟ್ಟ.  

ಶಿವಕಾಂತಾ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಕರಡಿಗೆಯ ಎರಡು ಅರ್ಧಗಳನ್ನು ಹಿಡಿದು ಮುಚ್ಚಲು ನೋಡಿದಳು. ಅವು ಕೂಡಲಿಲ್ಲ.

"ಕೊಡ್ರಿ ಅಕ್ಕಾ," ಎಂದಳು ಆಬೇದಾಬೀ. "ನಮ್ಮ ಮನೆಯವರ ಕೆಲಸ ಉಳಿದದ."

ಮದುವೆಯಾದ ಹೊಸದರಲ್ಲಿ ಮಾವನ ಕಾರ್ಖಾನೆಯಲ್ಲಿ ಬಿದರಿಯ ಹೂಜಿಗಳಿಗೆ ಬೆಳ್ಳಿಯ ತಂತಿ ಕೂಡಿಸಿದ ಕೈ ಅದು. ಕಿವಿಯೋಲೆಯ ಕೊಂಡಿ ಮುರಿದಾಗ ತಾನೇ ಸುತ್ತಿಕೊಂಡಿದ್ದ ಬೆಳ್ಳಿ ತಂತಿಯನ್ನು ಬಿಚ್ಚಿದಳು. ಸತೀಶಕುಮಾರ ಕೇಳುವ ಮುಂಚೆಯೇ ಗಾಡಿಯಿಂದ ಇಕ್ಕಳದಂಥ ಪಕ್ಕಡ ತಂದುಕೊಟ್ಟ. ತಂತಿಯನ್ನು ಕೀಲಿನ ತೂತಿನಲ್ಲಿ ತೂರಿಸಿ, ಒರಳಿನ ಗುಂಡಿನ ಮೇಲಿಟ್ಟು ಎರಡೂ ತುದಿಗಳನ್ನು ಅದರಿಂದಲೇ ಮೆಲ್ಲಮೆಲ್ಲಗೆ ಬಡಿದು ಚಪ್ಪಟೆ ಮಾಡಿದಳು. ತೆರೆದು ನೋಡಿದಳು, ಮುಚ್ಚಿ ನೋಡಿದಳು. ಸಣ್ಣ ಸದ್ದು ಮಾಡಿ ಅದು ಗಟ್ಟಿಯಾಗಿ ಕೂಡಿಕೊಂಡಿತು.

ಬುರ್ಖಾದ ತುದಿಯಿಂದ ಅದರ ಮೈ ಒರೆಸಿ, ಪರಾತದ ದೀಪಗಳ ಮೇಲಿಂದ ಎರಡೂ ಕೈ ಚಾಚಿ, ಶಿವಕಾಂತಾಳ ಅಂಗೈಯಲ್ಲಿ ಇಟ್ಟಳು.