ಕಂದಿ ಬಾಗಿಲು ಕಡಿಯುತ್ತಿದ್ದದ್ದು ಏಕೆ?

ಮತ್ತೆ ಅದೇ ಸದ್ದು. ಕರಕರ ಎಂದು ಹಲ್ಲಲ್ಲಿ ಮರ ಕಡಿಯುವುದು, ಆಮೇಲೆ ಗಾಳಿ ನುಂಗಿದಂತೆ ಗಂಟಲಲ್ಲೊಂದು ‘ಹುಕ್’. ಬೆಳಗಿನಿಂದ ಕುದುರೆಗಾಡಿಯಲ್ಲಿ ಗೋದಾಮಿನ ಮೂಟೆ ಸಾಗಿಸಿ ಬಂದು ಲಾಯದ ಹೊಸ್ತಿಲ ಮೇಲೆ ಕುಸಿದಿದ್ದ ಗುಂಡನಿಗೆ ಎದ್ದು ಗದರಲೂ ತ್ರಾಣವಿರಲಿಲ್ಲ. ಚಿಕ್ಕಂದಿನಲ್ಲಿ ದುಂಡಗಿದ್ದನೆಂದು ಇಟ್ಟ ಹೆಸರು ಅದು. ಈಗ ಮೈಯಲ್ಲಿ ಉಳಿದಿದ್ದು ಎಲುಬು, ತೊಗಲು, ದಣಿವು.

ಕಡಿಯುತ್ತಿದ್ದುದು ಅವನ ಕುದುರೆ, ಕಂದು ಬಣ್ಣದ ಕಂದಿ. ಮರಿಯಾಗಿದ್ದಾಗಿನಿಂದ ಅವನ ಹೆಂಡತಿ ಸಾಕಿದ್ದು. ನಾಲ್ಕು ತಿಂಗಳಿಂದ ಬಾಗಿಲ ಅಂಚು ಕಡಿಯುತ್ತದೆ. ಈಚೆಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ತೊಟ್ಟಿಲಂತೆ ತೂಗುತ್ತದೆ. ಪಕ್ಕೆಲುಬು ಎಣಿಸಬಹುದು. ಲಾಯವೂ ಗೋದಾಮೂ ಒಬ್ಬನೇ ಧಣಿಯವು. ಅವನು ಹೇಳಿ ಹೋಗಿದ್ದ: “ಶನಿವಾರದೊಳಗೆ ಈ ಚಟ ನಿಲ್ಲಬೇಕು. ಇಲ್ಲದಿದ್ದರೆ ಇಟ್ಟಿಗೆ ಗೂಡಿನವನಿಗೆ ಕೊಟ್ಟುಬಿಡು. ನನ್ನ ಬಾಗಿಲು ಅದರ ಮೇವಲ್ಲ.”

ಇಟ್ಟಿಗೆ ಗೂಡಿಗೆ ಹೋದ ಕುದುರೆ ಎಷ್ಟು ದಿನ ಬಾಳುತ್ತದೆಂದು ಗಾಡಿ ಹೊಡೆಯುವವರಿಗೆ ಯಾರೂ ಹೇಳಬೇಕಾಗಿಲ್ಲ.

ಸೋಮವಾರ ಹೆಂಡತಿ ಪಶು ಆಸ್ಪತ್ರೆಯಿಂದ ಡಾಕ್ಟರಮ್ಮನನ್ನು ಕರೆತಂದಳು.

“ದನದ ಡಾಕ್ಟ್ರಿಗೆ ಕುದುರೆ ಬುದ್ಧಿ ಏನು ಗೊತ್ತಾಗುತ್ತೆ?” ಗುಂಡ ಗೊಣಗಿದ.

“ನಿಮಗೆ ಗೊತ್ತಾಗಿದ್ದು ಸಾಕಾಗಿದೆ, ಸುಮ್ಮನಿರಿ” ಎಂದಳು ಹೆಂಡತಿ.

ಡಾಕ್ಟರಮ್ಮ ಕಂದಿಯ ಬಾಯಿ ಬಿಡಿಸಿ ಹಲ್ಲು ನೋಡಿದರು. ಗೊರಸು ಎತ್ತಿ ತಟ್ಟಿದರು, ಹೊಟ್ಟೆಗೆ ಕಿವಿಗೊಟ್ಟರು, ಲದ್ದಿಯನ್ನು ಕಡ್ಡಿಯಿಂದ ಕೆದಕಿದರು. “ಮೊದಲು ನೋವಿದೆಯಾ ಅಂತ ನೋಡಬೇಕು. ಹಲ್ಲು, ಗೊರಸು ಸರಿಯಾಗಿವೆ. ಹೊಟ್ಟೆ ಮೇಲೆ ನನಗೆ ಅನುಮಾನ. ಕುತ್ತಿಗೆಗೆ ಈ ಪಟ್ಟಿ ಯಾಕಪ್ಪಾ?”

“ಬಿಗಿದರೆ ಗಾಳಿ ನುಂಗಲ್ಲ ಅಂತ.”

“ಮೇವು?”

“ಅರ್ಧ ಕಡಿಮೆ ಮಾಡಿದೀನಿ. ಕೊಬ್ಬು ಇಳೀಲಿ ಅಂತ.”

“ಈ ತಗಡು?”

ಪಕ್ಕದ ಕುದುರೆಗೂ ಇದಕ್ಕೂ ನಡುವೆ ಆಳೆತ್ತರದ ತಗಡಿತ್ತು. ಒಂದನ್ನು ನೋಡಿ ಇನ್ನೊಂದು ಚಟ ಕಲಿಯುತ್ತದೆ ಎಂದು ಲಾಯದ ಎಂಟೂ ಗಾಡಿಯವರು ಕೂತು ಮಾತಾಡಿ, ಎಂಟು ಕುದುರೆಗಳ ನಡುವೆಯೂ ಹೊಡೆಸಿದ್ದರು.

“ಅಂಟುರೋಗ ಇದ್ದ ಹಾಗೆ ಅಲ್ವಾ ಡಾಕ್ಟರಮ್ಮ?” ಸಿಳ್ಳೆ ನಿಲ್ಲಿಸಿ ಕೇಳಿದ ಪಕ್ಕದ ಗಾಡಿಯ ಸಿಳ್ಳೆಯಣ್ಣ. ಅವನ ಕುದುರೆಯ ಹೆಸರು ಮುದುಕ.

“ಹಾಗಾದರೆ ನೀನು ಸಿಳ್ಳೆ ಹೊಡೆಯೋದು ನೋಡಿ ಇವರೆಲ್ಲ ಹೊಡೀಬೇಕಿತ್ತು.” ಡಾಕ್ಟರಮ್ಮ ನಗಲಿಲ್ಲ. ಅಂದು ಅವರು ಹತ್ತು ಕೊಟ್ಟಿಗೆ ಸುತ್ತಿ ಬಂದಿದ್ದರು. “ಗುಂಡಪ್ಪಾ, ನಾನು ಹೇಳಿದರೆ ನೀನು ನಂಬಲ್ಲ. ನಾಳೆ ಮಧ್ಯಾಹ್ನದಿಂದ ಕತ್ತಲಾಗೋವರೆಗೆ ಇಲ್ಲೇ ಕೂತು ನೋಡು. ಹೊಡೀಬೇಡ, ಗದರಬೇಡ. ಕಡಿದಾಗೆಲ್ಲ ಗೋಡೆ ಮೇಲೆ ಇದ್ದಿಲಲ್ಲಿ ಒಂದು ಗೀಟು. ತೂಗೋಕೆ ಶುರು ಮಾಡಿದ್ದು ಯಾವಾಗ, ನಿಲ್ಲಿಸಿದ್ದು ಯಾವಾಗ, ಅಷ್ಟು ನೋಡು.”

“ಕೂತರೆ ನಿದ್ದೆ ಬರುತ್ತೆ.”

“ಬಂದರೆ ನಿನ್ನ ಹೆಂಡತಿ ನೋಡ್ತಾಳೆ.”

ಮಂಗಳವಾರ ಹನ್ನೆರಡು ಗಂಟೆಗೆ ಕೆಲಸ ಮುಗಿಸಿ ಗುಂಡ ಗೋಡೆಗೆ ಒರಗಿದ. ಕಂದಿಯ ಮುಂದೆ ಹಿಡಿ ಹುಲ್ಲಿತ್ತು. ಅದು ಇರುವಷ್ಟು ಹೊತ್ತು ಬಾಗಿಲು ಮುಟ್ಟಲಿಲ್ಲ. ಹುಲ್ಲು ಮುಗಿದು ಒಂದಿಷ್ಟು ಹೊತ್ತಿಗೆ ಮೊದಲ ಗೀಟು. ಆಮೇಲೆ ಎರಡು, ನಾಲ್ಕು, ಏಳು. ಕಣ್ಣು ಎಳೆಯುತ್ತಿತ್ತು. ಹೆಂಡತಿ ಇದ್ದಿಲು ಕಸಿದುಕೊಂಡು ಮುಂದುವರಿಸಿದಳು. ಸಂಜೆಗೆ ಮೂವತ್ತೊಂದು.

ಕಂದಿ ತೂಗುತ್ತಲೇ ಇತ್ತು. ಸಂಜೆ ಸಿಳ್ಳೆಯಣ್ಣ ಮುದುಕನನ್ನು ಹಿಡಿದು ಬಾಗಿಲ ಮುಂದೆ ಹಾದ. ಕಂದಿ ಗಕ್ಕನೆ ನಿಂತಿತು. ಕಿವಿ ಮುಂದಾಯಿತು, ಮೆಲ್ಲಗೆ ಕೆನೆಯಿತು. ಮುದುಕ ತಗಡಿನ ಹಿಂದೆ ಮರೆಯಾದ. ಮತ್ತೆ ತೂಗಾಟ.

“ಅಣ್ಣಾ, ಅವನನ್ನ ಇನ್ನೊಂದು ಸಲ ಈಚೆ ಕರ್ಕೊಂಡು ಬಾ” ಎಂದ ಗುಂಡ.

“ಯಾಕೆ, ಮದುವೆ ಮಾಡಿಸ್ತೀಯಾ?”

“ಕರ್ಕೊಂಡು ಬಾ ಅಂದೆ.”

ಮುದುಕ ಬಂದ, ಕಂದಿ ನಿಂತಿತು. ಮುದುಕ ಹೋದ, ಕಂದಿ ತೂಗಿತು. ಸಿಳ್ಳೆಯಣ್ಣನ ತುಟಿಯ ಮೇಲಿನ ಸಿಳ್ಳೆ ಅಲ್ಲೇ ನಿಂತುಹೋಯಿತು.

“ರೀ, ತೂಗೋಕೆ ಶುರುವಾಗಿದ್ದು ತಗಡು ಹೊಡೆದ ಮೇಲೆ ಅಲ್ವಾ? ಕಡಿಯೋದು ಅದಕ್ಕೂ ಮುಂಚೆ, ಅಂಗಳದಲ್ಲಿ ಲಾರಿ ನಿಲ್ಲಿಸಿದ ತಿಂಗಳು” ಎಂದಳು ಹೆಂಡತಿ.

ಗುಂಡ ಅಂಗಳದತ್ತ ನೋಡಿದ. ಲಾಯದ ಮುಂದಿನ ಅಂಗಳದಲ್ಲಿ ಕುದುರೆಗಳು ಮಧ್ಯಾಹ್ನವೆಲ್ಲ ಅಡ್ಡಾಡುತ್ತಿದ್ದವು, ಬೇಲಿ ಪಕ್ಕದ ಹುಲ್ಲು ಮೇಯುತ್ತಿದ್ದವು. ಈಗ ಅಲ್ಲಿ ಧಣಿಯ ನಾಲ್ಕು ಲಾರಿ. ಕೊಬ್ಬು, ಮೊಂಡು, ಚಟ ಎಂದು ತಾನು ಬೈದದ್ದೆಲ್ಲ ನೆನಪಾಗಿ ಅವನು ಎದ್ದು ಪಟ್ಟಿಯ ಬಕಲು ಕಳಚಿದ. ಕೆಳಗೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಕಟ್ಟಿಹಾಕಿದ್ದನ್ನು ಮೊಂಡು ಅನ್ನುತ್ತಾರೆ. ಕಟ್ಟಿದವರನ್ನು ಯಾರೂ ಏನೂ ಅನ್ನುವುದಿಲ್ಲ.

ಡಾಕ್ಟರಮ್ಮ ಬುಧವಾರ ಬಂದು ಗೀಟು ನೋಡಿದರು. “ಕುದುರೆ ಹೊಟ್ಟೇಲಿ ಹುಳಿ ಸದಾ ಊರುತ್ತಾ ಇರುತ್ತೆ. ಮೇಯ್ತಿದ್ದರೆ ಜೊಲ್ಲು ಇಳಿದು ತಣ್ಣಗಿರುತ್ತೆ. ಖಾಲಿ ಬಿಟ್ಟರೆ ಉರಿ. ಆ ಉರಿಗೇ ಮರ ಕಡಿಯೋದು ಅಂತ ಕಾಣುತ್ತೆ. ಹುಲ್ಲು ಕಡಿಮೆ ಮಾಡಿ ನೀನು ಬೆಂಕಿಗೆ ಸೌದೆ ಹಾಕಿದೀಯ. ಹೊಟ್ಟೆಗೆ ಔಷಧಿ ಕೊಡ್ತೀನಿ. ಹುಲ್ಲನ್ನ ಸಣ್ಣ ಕಣ್ಣಿನ ಬಲೆಗೆ ತುಂಬಿ ಕಟ್ಟು, ನಿಧಾನವಾಗಿ ಎಳೆದು ತಿನ್ನಲಿ. ಇವತ್ತು ಅಷ್ಟೇ. ತಗಡು ನಾಳೆ ತೆಗಿ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದು ಫಲ ಕೊಟ್ಟಿತು ಅಂತ ಗೊತ್ತಾಗಲ್ಲ.”

“ಪೂರ್ತಿ ವಾಸಿಯಾಗುತ್ತಾ?”

“ಹಳೇ ಅಭ್ಯಾಸ ಅಲ್ಪ ಸ್ವಲ್ಪ ಉಳೀಬಹುದು. ಸಂಕಟ ಹೋಗುತ್ತೆ.”

ಬುಧವಾರ ಹದಿನೆಂಟು ಗೀಟು. ಗುರುವಾರ ತಗಡು ಬಿಚ್ಚಿದರು. ಕಂದಿಯೂ ಮುದುಕನೂ ಒಂದರ ಕುತ್ತಿಗೆಯನ್ನೊಂದು ಹಲ್ಲಿಂದ ಕೆರೆದುಕೊಂಡವು. ತೂಗಾಟ ನಿಂತಿತು. ಶುಕ್ರವಾರ ಹನ್ನೊಂದು ಗೀಟು.

ಶನಿವಾರ ಸಂಜೆ ಧಣಿ ಬಂದ. ಹಿಂದೆ ಗೂಡಿನವನು, ಕೈಯಲ್ಲಿ ಹಗ್ಗ. ಸರಿಯಾಗಿ ಆ ಹೊತ್ತಿಗೇ ಕಂದಿ ಬಾಗಿಲು ಕಡಿಯಿತು. ಕರಕರ, ಹುಕ್.

“ನೋಡಿದೆಯಾ? ಚಟ ಹೋಗಿಲ್ಲ” ಎಂದ ಧಣಿ.

“ಇವತ್ತು ಇದು ಮೂರನೇದು. ಮಂಗಳವಾರ ಮೂವತ್ತೊಂದು.” ಗುಂಡನ ದನಿ ಸೋತಿತ್ತು, ಕಾಲು ಮಾತ್ರ ಬಾಗಿಲಿಗೆ ಅಡ್ಡ ನಿಂತಿತ್ತು. “ಗೋಡೆ ಮೇಲಿದೆ ನೋಡಿ ಧಣಿ. ಹೊಟ್ಟೆ ಹಸಿದು ಕಡೀತಿತ್ತು. ಜೊತೆ ಇಲ್ಲದೆ ತೂಗ್ತಿತ್ತು. ಆ ಎರಡೂ ತಪ್ಪು ನಂದು, ತಿದ್ದಿದೀನಿ. ಮೂರನೇ ತಪ್ಪು ನಿಮ್ಮದು. ಅಂಗಳ.”

“ಏನಂದೆ?”

“ಒಂದು ಕುದುರೆ ಹೋದರೆ ಎಂಟೂ ಹೋಗ್ತವೆ ಧಣಿ” ಎಂದ ಸಿಳ್ಳೆಯಣ್ಣ. ಅವನ ಹಿಂದೆ ಉಳಿದ ಆರು ಮಂದಿಯೂ ನಿಂತಿದ್ದರು. ಅವರೂ ತಮ್ಮ ತಮ್ಮ ಗೋಡೆಯ ಮೇಲೆ ಗೀಟು ಎಳೆದು ನೋಡಿದ್ದರು. “ಸೋಮವಾರ ಗೋದಾಮಿನ ಓಣಿಗೆ ನಿಮ್ಮ ಲಾರಿ ನುಗ್ಗುತ್ತಾ?”

ನುಗ್ಗುವುದಿಲ್ಲ. ಆ ಓಣಿಗೆ ಗಾಡಿಯೇ ಆಗಬೇಕು. ಧಣಿ ಎಂಟು ಮುಖ ನೋಡಿದ, ಗೋಡೆ ನೋಡಿದ. ಗೂಡಿನವನು ಹಗ್ಗ ಸುತ್ತಿಕೊಂಡ.

ಭಾನುವಾರ ಮಧ್ಯಾಹ್ನ ಎರಡು ಲಾರಿ ಆಚೆ ಹೋದವು. ಅರ್ಧ ಅಂಗಳ ಸಿಕ್ಕಿತು, ಅರ್ಧ ಇನ್ನೂ ಬಾಕಿ. ಕಂದಿ ಒಂದು ಸುತ್ತು ನಡೆದು, ಮಣ್ಣು ಮೂಸಿ, ಮಂಡಿಯೂರಿ ಬಿದ್ದು ಹೊರಳಾಡಿತು. ಗುಂಡ ಬೇಲಿಗೆ ಒರಗಿ ನೋಡುತ್ತ ಕೂತಲ್ಲೇ ನಿದ್ದೆಹೋದ. ಹೆಂಡತಿ ಎಬ್ಬಿಸಲಿಲ್ಲ.

ಗಾಡಿ ಹೊಡೆಯುವ ಅಣ್ಣಂದಿರೇ, ಕುದುರೆ ಸಾಕುವ ಅಕ್ಕಂದಿರೇ, ನಿಮ್ಮ ಕುದುರೆಯೂ ಮರ ಕಡಿಯುತ್ತಿದೆಯೇ, ತೂಗುತ್ತಿದೆಯೇ, ನಿಂತಲ್ಲೇ ಸುತ್ತುತ್ತಿದೆಯೇ? ಚಾಟಿ ಕೆಳಗಿಡಿ. ಪಶುವೈದ್ಯರನ್ನು ಕರೆಸಿ, ನೋವಿದೆಯೇ ಎಂದು ಮೊದಲು ನೋಡಿಸಿ. ಆಮೇಲೆ ಒಂದು ಮಧ್ಯಾಹ್ನ ಅದರ ಜೊತೆ ಕೂತು ಗೀಟು ಎಳೆಯಿರಿ. ಹುಲ್ಲು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಅದಕ್ಕೆ ಕಾಣುವ ಜೊತೆ ಯಾರು? ದಿನಕ್ಕೆ ಎಷ್ಟು ಹೊತ್ತು ಹಗ್ಗವಿಲ್ಲದೆ ನಡೆಯುತ್ತದೆ? ಇದು ಶುರುವಾಗುವ ಮುಂಚೆ ಏನು ಬದಲಾಯಿತು? ಒಂದೊಂದಾಗಿ ತಿದ್ದಿ. ಕೊರತೆ ನಿಮ್ಮ ಕೈಯಲ್ಲಿದ್ದರೆ ಇವತ್ತೇ ತುಂಬಿ. ಧಣಿಯ ಕೈಯಲ್ಲಿದ್ದರೆ ಒಬ್ಬೊಬ್ಬರೇ ಹೋಗಬೇಡಿ, ಎಲ್ಲರೂ ಸೇರಿ ಹೋಗಿ.